ಮಾವನ ಲಿನಕ್ಸ್, ಕಡ್ಡಿಯ ಹಡಗು

ಫೆಬ್ರವರಿ 9

ಪ್ರೀತಿಯ ಕಡ್ಡಿ,

ನಿನ್ನ ಸೋದರಮಾವ ಮೋಸಗಾರನಂತೆ. ನಿನ್ನೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಇರುವಾಗ ಗಣಕದ ಆಟ ತೆರೆದು ನಮ್ಮ ಹಡಗು ಹತ್ತಲು ಹೋದೆ. ಪರದೆಯ ತುಂಬ ಕೆಂಪು ಪಟ್ಟಿ. ಆಟದಲ್ಲಿ ಮೋಸ ಮಾಡಿದ ಕಾರಣ ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದು ಬರೆದಿತ್ತು. ನಿನಗೆ 'ಇವತ್ತು ಆಗಲ್ಲ' ಎಂದಷ್ಟೇ ಸಂದೇಶ ಕಳಿಸಿದ್ದು ಅದಕ್ಕೇ. ಫೋನಿನಲ್ಲಿ ಹೇಳಲು ಹೋದರೆ ಕೋಪಕ್ಕೆ ನಾಲಿಗೆ ತೊಡರುತ್ತದೆ, ನೀನು ನಗುತ್ತೀಯ. ಕಾಗದದ ಮೇಲಾದರೆ ಪೂರ್ತಿ ಬೈಯಬಹುದು.

ಮೂವತ್ತನಾಲ್ಕು ವರ್ಷ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದವನು ನಾನು. ನೆಲದೊಳಗಿನ ಒಂದೊಂದು ಕೊಳವೆಯನ್ನೂ ಅದು ಇದ್ದಲ್ಲೇ ಇಟ್ಟವನು. ಆಟದಲ್ಲೂ ಅಷ್ಟೇ. ನಾಲ್ಕು ವರ್ಷದಿಂದ ನೀನು ಚುಕ್ಕಾಣಿ ಹಿಡಿದಿದ್ದೀಯ, ನಾನು ನಕ್ಷೆಯ ಮೇಜಿನಲ್ಲಿ ಕೂತು ದಾರಿ ಹೇಳಿದ್ದೇನೆ. ಯಾವ ದ್ವೀಪಕ್ಕೆ ಯಾವ ಸರಕು ಎಂದು ತಲೆ ಕೆಡಿಸಿಕೊಂಡು ದುಡಿದ ಹಡಗು ಅದು. ಅದರಲ್ಲಿ ಮೋಸ ಎಲ್ಲಿಂದ ಬಂತು?

ಕಾರಣ ನನಗೆ ಗೊತ್ತು. ಕಳೆದ ವಾರ ಆ ಆಟದ ಕಂಪನಿಯವರು ಮೋಸಗಾರರನ್ನು ಹಿಡಿಯಲು ಹೊಸದಾಗಿ ಒಂದು ಕಾವಲು ತಂತ್ರಾಂಶ ತಂದು ಕೂರಿಸಿದ್ದಾರೆ. ನನ್ನ ಗಣಕವನ್ನು ನಡೆಸುವುದು ಲಿನಕ್ಸ್, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ. ಅವರ ಆಟ ಬೇರೆ ವ್ಯವಸ್ಥೆಗೆಂದು ಮಾಡಿದ್ದು. ನಡುವೆ ಒಬ್ಬ ದುಬಾಷಿ ತಂತ್ರಾಂಶ ನಿಂತು, ಅದು ಹೇಳಿದ್ದನ್ನು ಇದಕ್ಕೆ, ಇದು ಹೇಳಿದ್ದನ್ನು ಅದಕ್ಕೆ ತಿಳಿಸುತ್ತಾನೆ. ಬಾಗಿಲಲ್ಲಿ ಕೂತ ಕಾವಲುಗಾರನಿಗೆ ಈ ದುಬಾಷಿಯ ಮುಖ ಕಂಡಿದೆ, ಕಳ್ಳ ಎಂದು ಕೂಗಿದ್ದಾನೆ. ಯಾರೋ ಬರೆದು ಊರಿಗೆಲ್ಲ ಬಿಟ್ಟುಕೊಟ್ಟ ವ್ಯವಸ್ಥೆಯನ್ನು ಬಳಸುವವನು ಇವರ ಕಣ್ಣಿಗೆ ಹುಟ್ಟಾ ಕಳ್ಳ.

ಬಿಡುವುದಿಲ್ಲ. ಕಂಪನಿಗೆ ಬರೆಯುತ್ತಿದ್ದೇನೆ.

ನಿನ್ನ ಮಾವ

ಫೆಬ್ರವರಿ 17

ಮಾವ,

ಪತ್ರ ಬಂತು. ಅಂಚೆಯವನು ಅದೇನು ಪುಸ್ತಕವೇ ಎಂದು ಕೇಳಿದ. ಐದು ಹಾಳೆ, ಹಾಳೆಗೆ ಎಂಟು ಸಾಲು. ಕೋಪ ಬಂದರೆ ಅಕ್ಷರವೂ ದೊಡ್ಡದಾಗುತ್ತದೆ ಎಂದು ಈಗ ಗೊತ್ತಾಯಿತು.

ನಗಲಿಲ್ಲ, ನಂಬು. ಆ ಭಾನುವಾರ ನಿನ್ನ ಸಂದೇಶ ಬರುವವರೆಗೆ ನಾನು ಹಡಗಿನಲ್ಲಿ ಮುಕ್ಕಾಲು ಗಂಟೆ ನಿನಗಾಗಿ ಕಾದೆ. ನನ್ನ ವಾರ ಹೇಗಿರುತ್ತದೆ ಎಂದು ನಿನಗೆ ಗೊತ್ತು. ಕಟ್ಟುಹಲ್ಲಿನ ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮೇಜಿನ ಮುಂದೆ ಅಚ್ಚು ತೆಗೆದ, ಮುಖವಿಲ್ಲದ ಬಾಯಿಗಳು. ಮೇಣದಲ್ಲಿ ಹಲ್ಲು ಕೆತ್ತು, ಬಣ್ಣ ಹೊಂದಿಸು, ಡಬ್ಬಿಗೆ ಹಾಕು. ಆ ಹಲ್ಲಿನಲ್ಲಿ ಯಾರು ನಗುತ್ತಾರೋ ನೋಡಿದ್ದಿಲ್ಲ. ಪಕ್ಕದ ಮೇಜಿನವಳು ಕಿವಿಗೆ ಹಾಡು ಸಿಕ್ಕಿಸಿಕೊಂಡರೆ ಊಟಕ್ಕೇ ತೆಗೆಯುವುದು. ವಾರಕ್ಕೆ ಎರಡು ಗಂಟೆ ನನ್ನನ್ನು ಕಡ್ಡಿ ಎಂದು ಕರೆದು ಬೈಯುವವನು ನೀನೊಬ್ಬನೇ. ಅದು ತಪ್ಪಿದರೆ ನನಗೆ ವಾರವೇ ಮುಗಿಯುವುದಿಲ್ಲ.

ಅದಕ್ಕೇ ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಎಲ್ಲರೂ ಹಾಕಿಕೊಂಡಿರುವ ವ್ಯವಸ್ಥೆಯನ್ನೇ ಗಣಕದ ಒಂದು ಮೂಲೆಯಲ್ಲಿ ಹಾಕಿಕೊಳ್ಳಬಾರದೇ? ಆಟಕ್ಕೆ ಮಾತ್ರ. ನಿನ್ನ ಸಿದ್ಧಾಂತಕ್ಕೆ ವಾರದಲ್ಲಿ ಎರಡು ಗಂಟೆ ರಜೆ ಕೊಡು.

ಇನ್ನೊಂದು. ಕೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಡಿಸೆಂಬರಿನಲ್ಲಿ ನೀನು ತಪ್ಪು ದಾರಿ ಹೇಳಿ ಎರಡು ಸಲ ಹಡಗನ್ನು ಬಂಡೆಗೆ ಹೊಡೆಸಿದೆ. ನಕ್ಷೆ ನೋಡಿ ದಾರಿ ತಪ್ಪಿಸುವವನಲ್ಲ ನೀನು. ಆಟ ಬೇಜಾರಾಗಿ, ನನಗೋಸ್ಕರ ಕೂರುತ್ತಿದ್ದೀಯ ಎಂದಾದರೆ ಹೇಳಿಬಿಡು.

ಕಡ್ಡಿ

ಫೆಬ್ರವರಿ 26

ಕಡ್ಡಿ,

ಆಟ ಬೇಜಾರಾಗಿಲ್ಲ. ಬಂಡೆಯ ವಿಷಯ: ಆ ದಿನ ಬೇರೇನೋ ಯೋಚನೆ. ಅಕ್ಷರದ ವಿಷಯ: ಹೊಸ ಪೆನ್ನು, ಮೊನೆ ದಪ್ಪ. ಮುಗಿಯಿತು.

ಇನ್ನು ನಿನ್ನ ಸಲಹೆ. ನೀನು ಆಗ ಎರಡನೇ ಕ್ಲಾಸು, ನಿನಗೆ ನೆನಪಿರಲಿಕ್ಕಿಲ್ಲ. ನನಗೆ ವಾರ, ತಾರೀಕು ಸಮೇತ ಇದೆ. ನಮ್ಮ ಕಚೇರಿಯ ನಕ್ಷೆಗಳನ್ನೆಲ್ಲ ಗಣಕಕ್ಕೆ ಏರಿಸಿ ಎಂದು ಆಜ್ಞೆ ಬಂತು. ಏಳು ವರ್ಷ ಕೂತು ಸಾವಿರದ ನಾನೂರು ಹಾಳೆ ಏರಿಸಿದೆವು. ತಂತ್ರಾಂಶ ಒಂದು ಖಾಸಗಿ ಕಂಪನಿಯದು, ಕಡತದ ಬೀಗದ ಕೈಯೂ ಅವರದೇ. ಒಂದು ದಿನ ಆ ಕಂಪನಿ ಇನ್ನೊಂದಕ್ಕೆ ಮಾರಾಟವಾಯಿತು. ಹೊಸಬರು ಹಳೆಯ ಕಡತ ತೆರೆಯುವುದಿಲ್ಲ ಎಂದರು. ನಮ್ಮ ಕೈಯಾರೆ ಬರೆದ ನಕ್ಷೆ, ನಮ್ಮ ಊರಿನ ನೆಲ, ನಮ್ಮ ಕೊಳವೆ. ನೋಡುವ ಹಕ್ಕು ಮಾತ್ರ ನಮ್ಮದಲ್ಲ. ಆ ಬೇಸಿಗೆಯಲ್ಲಿ ರಸ್ತೆ ಅಗೆಯಲು ಹೋದವರು ದೊಡ್ಡ ಕೊಳವೆ ಒಡೆದರು. ಆಸ್ಪತ್ರೆಗೆ ಮೂರು ದಿನ ನೀರಿಲ್ಲ. ವಿಚಾರಣೆಯಲ್ಲಿ ಮೇಲಿನವರು ಹೇಳಿದ ಮಾತು ಇದು: "ನಕ್ಷೆ ಇದೆ ಸ್ವಾಮಿ, ತೆಗೆಯಕ್ಕೆ ಬರಲ್ಲ ಅಷ್ಟೇ."

ಅಷ್ಟೇ ಅಂತೆ. ಅವತ್ತೇ ತೀರ್ಮಾನಿಸಿದೆ, ನಾನು ಬಿಚ್ಚಿ ನೋಡಲಾಗದ ಯಾವುದೂ ನನ್ನ ಮೇಜಿನ ಮೇಲೆ ಇರಕೂಡದು. ಅದಕ್ಕೆ ರಜೆ ಕೊಡು ಎನ್ನುತ್ತೀಯ. ಹಲ್ಲು ಮಾಡುವವಳು ನೀನು, ಭಾನುವಾರ ಎರಡು ಗಂಟೆ ಹುಳುಕು ಹಲ್ಲು ಮಾಡಿ ಕೊಡುತ್ತೀಯಾ?

ಕಂಪನಿಗೆ ಏಳು ಪುಟ ಬರೆದೆ. ನಾಗರಿಕನ ಹಕ್ಕು, ಆಧಾರವಿಲ್ಲದ ಆರೋಪ, ಎಲ್ಲವನ್ನೂ ಅಂಕಿ ಹಾಕಿ ಬರೆದೆ. ಒಂದು ನಿಮಿಷದೊಳಗೆ ಎರಡು ಸಾಲಿನ ಉತ್ತರ ಬಂತು. ಪರಿಶೀಲಿಸಿದ್ದಾರಂತೆ, ತೀರ್ಮಾನ ಬದಲಾಗದಂತೆ. ಏಳು ಪುಟವನ್ನು ಒಂದು ನಿಮಿಷದಲ್ಲಿ ಓದುವ ಪ್ರಾಣಿ ಯಾವುದು?

ಮಾವ

ಮಾರ್ಚ್ 16

ಮಾವ,

ತಡವಾಯಿತು. ಕೆಲಸ ಎಂದು ಹೇಳಬಹುದು, ಆದರೆ ನಿಜವೆಂದರೆ ನಿನ್ನ ಮೇಲೆ ಸ್ವಲ್ಪ ಸಿಟ್ಟಿತ್ತು. ಸಿದ್ಧಾಂತವೋ ಸೊಸೆಯೋ ಎಂದರೆ ಸಿದ್ಧಾಂತ ಎಂದೆ. ಎರಡನೆಯ ಹೆಸರು ಯೋಚಿಸಲೂ ಇಲ್ಲ.

ಕಳೆದ ಎರಡು ಭಾನುವಾರ ಅಪರಿಚಿತರ ಹಡಗಿನಲ್ಲಿ ಹೋದೆ. ಚುಕ್ಕಾಣಿ ಕೊಡಲಿಲ್ಲ, ಸರಕು ಹೊರಲು ಹಾಕಿದರು. ನಕ್ಷೆಯವನು ದಾರಿ ಸರಿಯಾಗಿಯೇ ಹೇಳಿದ. ದ್ವೀಪಗಳಿಗೆ ಅಡ್ಡಹೆಸರು ಇಡಲಿಲ್ಲ, ಹಳೆಯ ಕಚೇರಿಯ ಕಥೆ ಹೇಳಲಿಲ್ಲ. ಒಂದೂವರೆ ಗಂಟೆಯಾಗುತ್ತಲೇ ಇಳಿದುಬಿಟ್ಟೆ.

ಆಮೇಲೆ ಕೂತು ಹುಡುಕಿದೆ. ನೀನು ಹೇಳಿದ್ದು ಪೂರ್ತಿ ಸರಿಯಲ್ಲ, ಮಾವ. ಲಿನಕ್ಸ್‌ನಲ್ಲಿ ಇದೇ ಆಟ ಆಡುವವರ ಒಂದು ದೊಡ್ಡ ಗುಂಪೇ ಇದೆ. ಹೊಸ ಕಾವಲು ಬಂದ ಮೇಲೂ ಅವರೆಲ್ಲ ಆರಾಮಾಗಿ ಆಡುತ್ತಿದ್ದಾರೆ. ಕಾವಲುಗಾರ ದುಬಾಷಿಯನ್ನು ಒಳಗೆ ಬಿಡುತ್ತಾನೆ. ಅಲ್ಲಿ ಒಬ್ಬರನ್ನು ಕೇಳಿದೆ, ಅವರ ಕೆಲಸ ಬಸ್ಸು ಓಡಿಸುವುದಂತೆ. ಅವರು ಬರೆದರು: "ನಿಮ್ಮ ಮಾವನ ಲಾಗ್ ತರಿಸಿಕೊಳ್ಳಿ. ಊಹೆ ಯಾಕೆ, ನಮ್ಮಲ್ಲಿ ಎಲ್ಲಾ ಬರೆದಿಟ್ಟಿರತ್ತೆ."

ಆಟ ತೆರೆದಾಗ ಗಣಕ ಸಾಲುಸಾಲಾಗಿ ತನ್ನ ದಿನಚರಿ ಬರೆದಿಡುತ್ತದಂತಲ್ಲ, ಅದನ್ನು ಕಳಿಸು.

ಕಡ್ಡಿ

ಮಾರ್ಚ್ 23

ಕಡ್ಡಿ,

ಅಪರಿಚಿತರ ಹಡಗಿನ ವಿಷಯ ಓದಿದೆ. ಹೋಗು, ಬೇಡ ಎನ್ನಲು ನಾನು ಯಾರು. ಸರಕು ಹೊರುವಾಗ ಬೆನ್ನು ನೋಡಿಕೋ.

ಬಸ್ಸಿನ ಚಾಲಕರು ಹೇಳಿದ್ದು ಸರಿ. ನಮ್ಮ ವ್ಯವಸ್ಥೆ ಏನನ್ನೂ ಮುಚ್ಚಿಡುವುದಿಲ್ಲ, ಎಡವಿದ್ದನ್ನೂ ಎದ್ದದ್ದನ್ನೂ ಬರೆದಿಡುತ್ತದೆ. ಇದರೊಂದಿಗೆ ಲಾಗ್ ಮುದ್ರಿಸಿ ಇಟ್ಟಿದ್ದೇನೆ, ನಲವತ್ತೊಂದು ಪುಟ. ಅದರಲ್ಲಿ ನನ್ನ ತಪ್ಪು ಎಂಬುದು ಒಂದು ಸಾಲು ಸಿಕ್ಕಿದರೆ ನಾನು ನಕ್ಷೆಯ ಮೇಜು ಬಿಟ್ಟು ನೆಲ ಒರೆಸುತ್ತೇನೆ.

ನಿನ್ನ ಅಮ್ಮ ಬಂದಿದ್ದಳು. ಅಕ್ಕ ಎಂದಿನಂತೆ ಮನೆಯೆಲ್ಲ ಓರಣ ಮಾಡಿ, ನನಗೆ ಏನೂ ಸಿಗದಂತೆ ಮಾಡಿ ಹೋದಳು.

ಮಾವ

ಏಪ್ರಿಲ್ 2

ಮಾವ,

ಇಪ್ಪತ್ತಮೂರನೇ ಪುಟ, ಮೇಲಿನಿಂದ ಆರನೇ ಸಾಲು. ಅಕ್ಷರಶೈಲಿಯ ಕಡತ ಮೂಲದಂತಿಲ್ಲ, ಬದಲಾಯಿಸಲಾಗಿದೆ, ಎಂದಿದೆ. ಅದರ ಮುಂದಿನ ಸಾಲಿನಲ್ಲೇ ಬಾಗಿಲು ಮುಚ್ಚಿದೆ. ದುಬಾಷಿಯ ಮೇಲೆ ಒಂದು ದೂರೂ ಇಲ್ಲ.

ಆಟದ ಅಕ್ಷರಗಳ ಕಡತಕ್ಕೆ ಕೈ ಹಾಕಿದ್ದೀಯಾ? ನೆಲ ಒರೆಸುವ ವಿಷಯ ಆಮೇಲೆ ಮಾತಾಡೋಣ. ಆ ಕಡತವನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸು, ನೋಡುತ್ತೇನೆ.

ಇಷ್ಟು ದಪ್ಪಕ್ಕೆ ಮುದ್ರಿಸಿದ್ದು ಯಾಕೆ? ಬಸ್ಸಿನ ಚಾಲಕರ ಲೆಕ್ಕದಲ್ಲಿ ಅದು ಒಂಬತ್ತು ಪುಟದ ಸರಕು.

ಕಡ್ಡಿ

ಏಪ್ರಿಲ್ 10

ಕಡ್ಡಿ,

ಎರಡು ದಿನ ಈ ಪತ್ರ ಬರೆಯಲಾಗಲಿಲ್ಲ. ನಾಚಿಕೆ.

ಹೌದು, ನಾನೇ. ನವೆಂಬರಿನಲ್ಲಿ ಶುರು ಮಾಡಿದೆ. ಆ ನಕ್ಷೆಯ ಮೇಲಿನ ಅಕ್ಷರ ನೋಡಿದ್ದೀಯಲ್ಲ, ಇರುವೆ ಸಾಲು. ಯಾವ ನಕ್ಷೆಗಾರ ಅಂಥ ಅಕ್ಷರ ಬರೆದಿದ್ದರೂ ನಮ್ಮ ಕಚೇರಿಯಲ್ಲಿ ಹಾಳೆ ವಾಪಸು ಎಸೆಯುತ್ತಿದ್ದರು. ಅಕ್ಷರ ಓದಲಾಗದಿದ್ದರೆ ತಿದ್ದಿ ಬರೆಯುವುದು ನಮ್ಮ ಪದ್ಧತಿ. ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ, ಹಾಳೆಯ ಮೂಲೆಯಲ್ಲಿ ತಿದ್ದಿದವನ ಸಹಿ ಹಾಕಿದರೆ ಸಾಕಿತ್ತು. ಹಾಗೇ ಒಂದೊಂದು ಅಕ್ಷರವನ್ನೂ ನನ್ನ ಕೈಬರಹದಲ್ಲಿ ಬರೆದು ಜೋಡಿಸಿದೆ. ಮುಗಿಯಲು ಜನವರಿ ಆಯಿತು. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಕಾವಲು ಬಂತು. ಒಂದಕ್ಕೊಂದು ತಾಳೆ ಹಾಕಬೇಕಿತ್ತು, ಹಾಕಲಿಲ್ಲ. ಬೈಯಲು ಇನ್ನೊಬ್ಬರು ಎದುರಿಗಿದ್ದಾಗ ಮನುಷ್ಯ ತನ್ನ ಕೈ ನೋಡಿಕೊಳ್ಳುವುದಿಲ್ಲ.

ಅಕ್ಷರ ಅಂದವಾಗಲಿ ಎಂದು ಮಾಡಿದ್ದು, ಅಷ್ಟೇ. ಬೇರೆ ಏನೂ ಇಲ್ಲ. ಪೆನ್‌ಡ್ರೈವ್ ಇಟ್ಟಿದ್ದೇನೆ. ನಾಲ್ಕು ವರ್ಷದ ಹಡಗನ್ನು ನಾನೇ ಮುಳುಗಿಸಿದೆ. ಕ್ಷಮಿಸು.

ಮಾವ

ಏಪ್ರಿಲ್ 21

ಮಾವ,

ನಿನ್ನ ಕಡತವನ್ನು ನನ್ನ ಗಣಕದಲ್ಲಿ ಹಾಕಿ ಆಟ ತೆರೆದೆ. ನೀನು ಏನು ನೋಡುತ್ತಿದ್ದೀಯ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ.

ಅಕ್ಷರ ಅಂದವಾಗಿದೆ. ಒಂದೊಂದೂ ನಾನು ಮಾಡುವ ಮುಂಬಲ್ಲಿನಷ್ಟು ದೊಡ್ಡದಿದೆ. ದ್ವೀಪದ ಹೆಸರು ದ್ವೀಪವನ್ನೇ ಮುಚ್ಚುತ್ತದೆ. ಅಂದಕ್ಕೆ ಯಾರೂ ಅಷ್ಟು ದೊಡ್ಡದಾಗಿ ಬರೆಯುವುದಿಲ್ಲ. ನಾನು ಕುರ್ಚಿಯನ್ನು ಹಿಂದೆ ಸರಿಸುತ್ತಾ ಹೋದೆ. ಗೋಡೆಗೆ ಬೆನ್ನು ತಾಗಿತು. ಅಲ್ಲಿಂದಲೂ ಓದಬಹುದಿತ್ತು. ಮಾವನಿಗೆ ಇಷ್ಟು ಹತ್ತಿರದಿಂದ ಇಷ್ಟು ದೊಡ್ಡದು ಬೇಕಾಗಿದೆ ಎಂದು ಆಗ ಹೊಳೆಯಿತು. ದಪ್ಪ ಪೆನ್ನು, ನಲವತ್ತೊಂದು ಪುಟ, ಆ ಎರಡು ಬಂಡೆ. ಒಂದು ನಿಮಿಷದ ಉತ್ತರಕ್ಕೆ ಕಂಪನಿಯನ್ನು ಬೈದೆಯಲ್ಲ, ಆಟ ಬೇಜಾರಾಗಿದೆಯಾ ಎಂದು ಕೇಳಿದ ನನ್ನನ್ನು ಏನೆಂದು ಬೈಯಬೇಕು?

ಅಮ್ಮನಿಗೆ ಫೋನು ಮಾಡಿದೆ. ಮೊದಲು ಏನೂ ಇಲ್ಲ ಎಂದಳು. ಆಮೇಲೆ ಅತ್ತಳು. ಎರಡು ಕಣ್ಣಿಗೂ ಪೊರೆ, ಡಾಕ್ಟರು ಕಳೆದ ಆಗಸ್ಟಿನಲ್ಲೇ ಹೇಳಿದ್ದಾರೆ, ನೀನು ದಿನ ಮುಂದೂಡುತ್ತಾ ಬಂದಿದ್ದೀಯ, ನನಗೆ ಹೇಳಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೀಯ.

ಯಾಕೆ ಮಾವ?

ನನ್ನ ಖಾತೆಯನ್ನೂ ಮುಚ್ಚಿದರು. ಮೋಸ ಮಾಡಿದ್ದಕ್ಕೆ. ಆಗುತ್ತದೆ ಎಂದು ಗೊತ್ತಿದ್ದೇ ತೆರೆದೆ. ಅದರ ಬಗ್ಗೆ ಉಪನ್ಯಾಸ ಬೇಡ.

ಕಡ್ಡಿ

ಏಪ್ರಿಲ್ 30

ಕಡ್ಡಿ,

ಕೇಳಿದೆಯಲ್ಲ, ಹೇಳುತ್ತೇನೆ.

ಹೆದರಿಕೆ. ಇದನ್ನು ಬರೆಯಲು ಅರ್ಧ ದಿನ ಹಿಡಿಯಿತು. ಈ ಕಣ್ಣಿನಲ್ಲೇ ಮೂವತ್ತನಾಲ್ಕು ವರ್ಷ ಅನ್ನ ತಿಂದಿದ್ದೇನೆ. ಕೂದಲೆಳೆಯಷ್ಟು ಗೆರೆ ಎಲ್ಲಿ ಅಲುಗಿದೆ ಎಂದು ಕೋಣೆಯ ಆ ಬದಿಯಿಂದ ಹೇಳುತ್ತಿದ್ದೆ. ಸಣ್ಣ ಶಸ್ತ್ರಚಿಕಿತ್ಸೆ, ಅರ್ಧ ಗಂಟೆ ಎಂದು ಡಾಕ್ಟರು ನಗುತ್ತಾ ಹೇಳಿದರು. ಅವರಿಗೆ ಅರ್ಧ ಗಂಟೆ. ಕೆಟ್ಟರೆ ನನಗೆ ಉಳಿದದ್ದೆಲ್ಲ. ಮಂಜಾಗಿಯಾದರೂ ಕಾಣುತ್ತಿದೆ, ಇದ್ದಷ್ಟು ಇರಲಿ ಎಂದುಕೊಂಡೆ. ಪತ್ರಿಕೆಗಳಿಗೆ ಕಾಗದ ಬರೆದು ಊರಿಗೆಲ್ಲ ಧೈರ್ಯ ಹೇಳುವ ನಿನ್ನ ಮಾವನ ಧೈರ್ಯ ಇಷ್ಟು.

ನಿನಗೆ ಹೇಳದೇ ಇದ್ದದ್ದು ಇನ್ನೊಂದು ಕಾರಣಕ್ಕೆ. ನಕ್ಷೆ ಓದಲಾಗದವನನ್ನು ನಕ್ಷೆಯ ಮೇಜಿನಲ್ಲಿ ಕೂರಿಸುತ್ತಾರೆಯೇ? ಪಾಪ ಎಂದು ಕೂರಿಸುತ್ತೀಯ. ಅದು ನನಗೆ ಬೇಡವಾಗಿತ್ತು.

ಬಚ್ಚಿಡುವುದೆಲ್ಲ ಅನ್ಯಾಯ ಎಂದು ಇಪ್ಪತ್ತು ವರ್ಷದಿಂದ ಕೂಗುತ್ತಿದ್ದೇನೆ, ಒಂಬತ್ತು ತಿಂಗಳು ನಿನ್ನಿಂದ ಇದನ್ನು ಬಚ್ಚಿಟ್ಟೆ.

ಕಂಪನಿಗೆ ಮತ್ತೆ ಬರೆದೆ. ಈ ಸಲ ನಾಲ್ಕು ಸಾಲು. ನನಗೆ ಕಣ್ಣು ಕಾಣುವುದಿಲ್ಲ. ಅಕ್ಷರದ ಕಡತ ಬದಲಿಸಿದ್ದು ನಾನು. ನನ್ನ ಸೊಸೆಯದು ತಪ್ಪಿಲ್ಲ. ಅವಳ ಹಡಗು ಅವಳಿಗೆ ಕೊಡಿ.

ಮಾವ

ಮೇ 11

ಮಾವ,

ಕಂಪನಿಯ ಉತ್ತರದ ಪ್ರತಿ ನನಗೂ ಬಂತು. ಈ ಸಲ ಮನುಷ್ಯರೇ ಬರೆದ ಹಾಗಿದೆ. ಮುಚ್ಚಿದ ಖಾತೆ ತೆರೆಯುವ ಅಧಿಕಾರ ಅವರಿಗಿಲ್ಲವಂತೆ. ಮೂಲ ಕಡತ ಇಟ್ಟು ಹೊಸ ಖಾತೆ ತೆರೆದರೆ ಇಬ್ಬರನ್ನೂ ತಡೆಯುವುದಿಲ್ಲವಂತೆ. ಅಕ್ಷರದ ಗಾತ್ರದ ಬಗ್ಗೆ ಬೇರೆಯವರೂ ಬರೆದಿದ್ದಾರಂತೆ.

ತೆರೆದೆ, ಇಬ್ಬರ ಹೆಸರಿನಲ್ಲೂ. ಹಡಗಿಲ್ಲ, ಈಗ ಇರುವುದು ಒಂದು ಹರಕು ದೋಣಿ. ಒಂದೇ ಮೇಜು, ಒಂದೇ ಚುಕ್ಕಾಣಿ, ಪಾತಾಳದಿಂದ ಶುರು.

ನಕ್ಷೆಯ ಮೇಜು ನಿನ್ನದು. ಪಾಪ ಎಂದಲ್ಲ. ನಾನು ಬೇರೆಯವರ ಹಡಗಿನಲ್ಲಿ ಹೋಗಿ ನೋಡಿ ಬಂದಿದ್ದೇನೆ. ಆದರೆ ಒಂದು ಷರತ್ತು. ಅಮ್ಮ ಮೇ ಇಪ್ಪತ್ತಕ್ಕೆ ದಿನ ಗೊತ್ತು ಮಾಡಿದ್ದಾಳೆ. ನೀನು ಆ ಅರ್ಧ ಗಂಟೆ ಕೊಡಬೇಕು. ನಾನು ರಜೆ ಕೇಳಿದ್ದೆ, ಸಿಗಲಿಲ್ಲ. ಫೋನು ಹಿಡಿದುಕೊಂಡೇ ಹಲ್ಲು ಕೆತ್ತುತ್ತಿರುತ್ತೇನೆ. ಅವತ್ತು ಯಾರಿಗಾದರೂ ಸೊಟ್ಟ ಹಲ್ಲು ಹೋದರೆ ಅದು ನಿನ್ನ ಪಾಪಕ್ಕೆ.

ಕಡ್ಡಿ

ಮೇ 27

ಕಡ್ಡಿ,

ನಾನು ಹೇಳುತ್ತಿದ್ದೇನೆ, ನಿನ್ನ ಅಮ್ಮ ಬರೆಯುತ್ತಿದ್ದಾಳೆ. ಬಲಗಣ್ಣಿನದು ಮುಗಿಯಿತು. ನೋವಿಲ್ಲ. (ಕೋಣೆಯೊಳಕ್ಕೆ ಹೋಗುವವರೆಗೆ ನನ್ನ ಕೈ ಬಿಡಲಿಲ್ಲ. ಇದು ನಾನು ಬರೆದದ್ದು — ಅಮ್ಮ.) ಇವಳು ಏನೋ ಸೇರಿಸುತ್ತಿದ್ದಾಳೆ, ಪೆನ್ನಿನ ಸದ್ದು ಜಾಸ್ತಿ ಕೇಳುತ್ತಿದೆ. ಅದನ್ನು ನಂಬಬೇಡ.

ಕಣ್ಣಿನ ಮೇಲೊಂದು ಪ್ಲಾಸ್ಟಿಕ್ ಗುರಾಣಿ ಕಟ್ಟಿದ್ದಾರೆ. ಇನ್ನೂ ಹತ್ತು ದಿನ ಪರದೆ ನೋಡಕೂಡದು. ಮಾತಾಡಕೂಡದು ಎಂದು ಹೇಳಿಲ್ಲ, ನಾನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಭಾನುವಾರ ಮೂರು ಗಂಟೆಗೆ ನಾನು ಪರದೆಗೆ ಬೆನ್ನು ಹಾಕಿ ಕೂರುತ್ತೇನೆ, ಆಟವನ್ನು ಅಕ್ಕ ತೆರೆದು ಕೊಡುತ್ತಾಳೆ. ಆ ಸಮುದ್ರ ಹೊಸದಲ್ಲ, ದೋಣಿ ಮಾತ್ರ ಹೊಸದು. ನಾಲ್ಕು ವರ್ಷ ಓದಿದ ನಕ್ಷೆ ತಲೆಯಲ್ಲಿದೆ. ಎದುರಿಗೆ ಏನು ಕಾಣುತ್ತದೆ ಎಂದು ನೀನು ಹೇಳು, ಎತ್ತ ತಿರುಗಬೇಕು ಎಂದು ನಾನು ಹೇಳುತ್ತೇನೆ.

(ಆಟ ತೆರೆಯುವುದು ಹೇಗೆಂದು ಎರಡು ದಿನದಿಂದ ನನಗೆ ಪಾಠ. ಇಷ್ಟು ಬೈಗುಳ ಶಾಲೆಯಲ್ಲೂ ತಿಂದಿರಲಿಲ್ಲ. — ಅಮ್ಮ)

ಮಾವ

ಜೂನ್ 2

ಮಾವ,

ಭಾನುವಾರ ನೀನು ನೋಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಬಲಗಡೆ ಬೋಳು ಗುಡ್ಡ ಕಾಣಬೇಕು ಎಂದಾಗ ಕಂಡಿತು. ಅದರ ಹಿಂದೆ ಎರಡು ಕವಲು, ಎಡದ್ದು ಹಿಡಿ ಎಂದೆ, ನಾನು ಹಿಡಿದೆ. ನೀರು ಕಡುನೀಲಿಯಾದಾಗ ಹೇಳು ಎಂದೆ. ನಾನು ಹೇಳಿದ ಮೇಲೆ, ಹತ್ತರವರೆಗೆ ಎಣಿಸಿ ತಿರುಗಿಸು ಎಂದೆ. ಎಣಿಸುತ್ತಿರುವಾಗ ಹಿಂದಿನಿಂದ ಅಮ್ಮನ ದನಿ, "ಬೇಗ ಬೇಗ ಎಣಿಸ್ಬೇಡ ಕಣೇ." ಆ ಹರಕು ದೋಣಿಯಲ್ಲಿ ಮೊದಲ ಸರಕು ಮುಟ್ಟಿಸಿದೆವು. ಅಪರಿಚಿತರು ಐದು ಜನ ಸೇರಿ ಹೋದದ್ದಕ್ಕಿಂತ ಬೇಗ. ನಾನು ಎರಡು ಸಲ ಮೂಗು ಸೀಟಿದ್ದು ನೆಗಡಿಗಲ್ಲ.

ಇನ್ನು ಏನೂ ಮುಚ್ಚಿಡಬಾರದು ಎಂದು ಮಾತಾಗಿದೆಯಲ್ಲ, ಅದಕ್ಕೆ ಹೇಳುತ್ತೇನೆ. ದೀಪಸ್ತಂಭದ ಹತ್ತಿರ ನೀನು ನೇರ ಹೋಗು ಎಂದೆ. ಎದುರಿಗೆ ಬಂಡೆ ಇತ್ತು. ನಾನು ಸುಮ್ಮನೆ ಬಲಕ್ಕೆ ಸುತ್ತಿ ಬಂದೆ, ನಿನಗೆ ಹೇಳಲಿಲ್ಲ. ಒಂದೇ ಒಂದು ತಪ್ಪು, ಬೇಜಾರು ಮಾಡಿಕೊಳ್ಳಬೇಡ.

ಕಡ್ಡಿ

ಜೂನ್ 8

ಕಡ್ಡಿ,

ತಪ್ಪು ನನ್ನದಲ್ಲ.

ಮೊನ್ನೆ ಗುರಾಣಿ ಬಿಚ್ಚಿದರು. ಇವತ್ತು ಡಾಕ್ಟರರ ಅಪ್ಪಣೆಯ ಮೇಲೆ ಕಾಲು ಗಂಟೆ ಪರದೆ ನೋಡಿದೆ. ಸೀದಾ ದೀಪಸ್ತಂಭಕ್ಕೆ ಹೋದೆ. ಅವರದೇ ಮೂಲ ಅಕ್ಷರ, ಇರುವೆ ಸಾಲು, ಬಲಗಣ್ಣಿನಲ್ಲಿ ಓದಿದೆ. ಆ ಬಂಡೆ ಮೊದಲು ಅಲ್ಲಿರಲಿಲ್ಲ. ಆಟಕ್ಕೆ ಕಳೆದ ಸಲ ಮಾಡಿದ ಬದಲಾವಣೆಯಲ್ಲಿ ಅದನ್ನು ಪೂರ್ವಕ್ಕೆ ಸರಿಸಿದ್ದಾರೆ, ನಕ್ಷೆಯಲ್ಲಿ ಹಳೆಯ ಜಾಗದಲ್ಲೇ ಬಿಟ್ಟಿದ್ದಾರೆ. ಯಾರಿಗೂ ಹೇಳದೆ ಬಂಡೆ ಸರಿಸುವುದು ಎಂಥ ನಡತೆ?

ಕಂಪನಿಗೆ ಬರೆಯುತ್ತಿದ್ದೇನೆ. ಸದ್ಯಕ್ಕೆ ಒಂಬತ್ತು ಪುಟ ಆಗಿದೆ, ಸಣ್ಣ ಅಕ್ಷರದಲ್ಲಿ.

ಮಾವ